ಮಗ್ಗದಿಂದ ಬಿಡದಿಯವರೆಗೆ: ಟೊಯೋಟ ಹೆಸರು ಗಳಿಸಿದ ಕಥೆ



ಮದುವೆಗೆಂದು ಇಡೀ ಮನೆಮಂದಿ ಡೊಂಬಿವಲಿಯಿಂದ ಬೆಳಗಾವಿಗೆ ಹೊರಟಿದ್ದಾರೆ ಎಂದುಕೊಳ್ಳಿ. ಅಜ್ಜಿ ಇದ್ದಾರೆ, ಎರಡು ಮಕ್ಕಳಿವೆ, ಲೆಕ್ಕವಿಲ್ಲದಷ್ಟು ಗಂಟುಮೂಟೆ ಇದೆ. ಯಾವ ಗಾಡಿ ಹೇಳೋಣ ಎಂದು ಯಾರಾದರೂ ಕೇಳಿದರೆ ಒಳಮನೆಯಿಂದ ಬರುವ ಉತ್ತರ ಒಂದೇ: "ಇನ್ನೋವಾ ಹೇಳಿಬಿಡಿ." ಠಾಣೆ, ಕಲ್ಯಾಣ, ಪನ್ವೇಲ್, ವಾಶಿ ಎಲ್ಲೇ ಕೇಳಿದರೂ ಇದೇ ಮಾತು. ಇಪ್ಪತ್ತು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಕ್ವಾಲಿಸ್ ಎಂಬ ಹೆಸರಿತ್ತು. ಹೇಳುವವರು ಬಾನೆಟ್ ತೆಗೆದು ನೋಡಿದವರಲ್ಲ. ಆದರೂ ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ಭರವಸೆ ಅವರಿಗಿದೆ.

ಈ ಭರವಸೆ ಎಲ್ಲಿಂದ ಬಂತು? ಹೆಸರು ಜಪಾನಿನದು. ಗಾಡಿ ತಯಾರಾಗುವುದು ತಟ್ಟೆ ಇಡ್ಲಿಗೆ ಹೆಸರಾದ ನಮ್ಮ ಬಿಡದಿಯಲ್ಲಿ. ಅದನ್ನು ಕರ್ನಾಟಕಕ್ಕೆ ಕರೆತಂದ ಮನೆತನದ ಮೂಲ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿದೆ. ಈ ಮೂರನ್ನೂ ಜೋಡಿಸಿ ನೋಡಿದರೆ ಒಳ್ಳೆಯ ಹೆಸರು ಹೇಗೆ ಬರುತ್ತದೆ, ಅದಕ್ಕೆ ಬೆಲೆ ತೆರುವವರು ಯಾರು ಎಂಬುದು ತಿಳಿಯುತ್ತದೆ. ಇಂದಿನ ಬರಹ ಅದರ ಬಗ್ಗೆ.

ನೂಲು ಹರಿದರೆ ನಿಲ್ಲುವ ಮಗ್ಗ

ಕಲ್ಯಾಣದಿಂದ ಭಿವಂಡಿಯ ಕಡೆಗೆ ಹೋದವರಿಗೆ ಪವರ್‌ಲೂಮ್‌ಗಳ ಖಟಖಟ ಸದ್ದು ಹೊಸದಲ್ಲ. ಟೊಯೋಟದ ಕಥೆ ಆರಂಭವಾಗುವುದೂ ಅಂಥ ಸದ್ದಿನಿಂದಲೇ. ಸಕಿಚಿ ಟೊಯೋಡ ಎಂಬುವನು 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಬಡಗಿಯ ಮಗನಾಗಿ ಹುಟ್ಟಿದ. ಊರಿನ ಹೆಂಗಸರು ಕೈಮಗ್ಗದ ಮುಂದೆ ಬೆನ್ನು ಬಾಗಿಸಿ ದುಡಿಯುವುದನ್ನು ನೋಡುತ್ತ ಬೆಳೆದವನು. ಆ ಕಷ್ಟವನ್ನು ಕಡಿಮೆ ಮಾಡಬೇಕೆಂಬ ಹಟ ಹಿಡಿದು, 1890ರ ಹೊತ್ತಿಗೆ ಸುಧಾರಿಸಿದ ಮರದ ಕೈಮಗ್ಗವೊಂದನ್ನು ತಯಾರಿಸಿದ. ಅಲ್ಲಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಅದೇ ಧ್ಯಾನ. 1924ರಲ್ಲಿ ಅವನ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು.

ಈ ಮಗ್ಗದ ವಿಶೇಷ ವೇಗವೊಂದೇ ಅಲ್ಲ. ಒಂದು ಎಳೆ ಹರಿದರೂ ಸಾಕು, ಅದು ತಾನಾಗಿ ನಿಂತುಬಿಡುತ್ತಿತ್ತು. ಹಳೆಯ ಯಂತ್ರಮಗ್ಗಗಳಲ್ಲಿ ನೂಲು ಹರಿದದ್ದು ಗೊತ್ತಾಗುವಷ್ಟರಲ್ಲಿ ಗಜಗಟ್ಟಲೆ ಬಟ್ಟೆ ಹಾಳಾಗಿರುತ್ತಿತ್ತು. ಹಾಗಾಗದಂತೆ ನೋಡಲು ಮಗ್ಗದ ಪಕ್ಕದಲ್ಲೇ ಒಬ್ಬರು ಕಣ್ಣಿಟ್ಟು ನಿಂತಿರಬೇಕಿತ್ತು. ಸಕಿಚಿಯ ಮಗ್ಗ ಬಂದ ಮೇಲೆ ಒಬ್ಬರೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವಂತಾಯಿತು. ತಪ್ಪು ಬಟ್ಟೆ ನೇಯುವುದಕ್ಕಿಂತ ನಿಲ್ಲುವುದು ಮೇಲು ಎಂಬುದು ಇದರ ಹಿಂದಿನ ಆಲೋಚನೆ. ಈ ಪದ್ಧತಿಗೆ ಟೊಯೋಟದವರು 'ಜಿದೋಕ' ಎನ್ನುತ್ತಾರೆ. 'ಸ್ವಯಂಚಾಲನೆ' ಎಂಬ ಜಪಾನಿ ಪದವನ್ನು ಬರೆಯುವಾಗ ಅದರೊಳಗೆ 'ಮನುಷ್ಯ' ಎಂಬ ಗುರುತನ್ನು ಸೇರಿಸಿ ಬರೆಯುವುದು ಅವರ ರೂಢಿ. ಯಂತ್ರಕ್ಕೂ ಮನುಷ್ಯನ ವಿವೇಕ ಇರಬೇಕು ಎಂದು ಅದರ ಅರ್ಥ.

ಮುಂದೆ ಕಾರು ತಯಾರಿಕೆಯಲ್ಲೂ ಇದೇ ನಿಯಮ ಬಂತು. ಸಾಲಿನಲ್ಲಿ ನಿಂತ ಸಾಮಾನ್ಯ ಕಾರ್ಮಿಕನಿಗೆ ಏನಾದರೂ ದೋಷ ಕಂಡರೆ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೋಷ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಈ ಹಗ್ಗವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾರಿಯಲ್ಲೇ ಕೆಟ್ಟು ನಿಂತ ಮೊದಲ ಲಾರಿ

ಸಕಿಚಿಯ ಮಗ ಕಿಚಿರೊನಿಗೆ ಮೋಟಾರಿನ ಹುಚ್ಚು. 1929ರಲ್ಲಿ ಆ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಮಾರಲಾಯಿತು. ಬಟ್ಟೆಯ ಯಂತ್ರಗಳಲ್ಲಿ ಜಗತ್ತಿಗೇ ಗುರುವಾಗಿದ್ದ ಇಂಗ್ಲೆಂಡು ಜಪಾನಿನ ಬಡಗಿಯ ಮಗನಿಂದ ಮಗ್ಗದ ವಿದ್ಯೆ ಕೊಂಡುಕೊಂಡಿತು! ಮರುವರ್ಷ, 1930ರಲ್ಲಿ, ಸಕಿಚಿ ತೀರಿಕೊಂಡ. 1933ರಲ್ಲಿ ಮಗ್ಗದ ಕಂಪನಿಯೊಳಗೇ ಮೋಟಾರು ವಿಭಾಗ ಶುರುವಾಯಿತು.

ಆರಂಭ ಅಷ್ಟೇನೂ ವೈಭವದ್ದಲ್ಲ. 1935ರ ಮೊದಲ ಲಾರಿ ಪ್ರದರ್ಶನಕ್ಕೆಂದು ಟೋಕಿಯೋಗೆ ಹೋಗುವಾಗ ದಾರಿಯಲ್ಲೇ ಕೆಟ್ಟು ನಿಂತಿತು. ಮಾರಿದ ಲಾರಿಗಳೂ ಅಲ್ಲಲ್ಲಿ ಕೆಡುತ್ತಿದ್ದವು. ಕಿಚಿರೊ ತಾನೇ ಹೋಗಿ ನೋಡುತ್ತಿದ್ದ, ರಿಪೇರಿ ಮಾಡಿಸುತ್ತಿದ್ದ, ಏಕೆ ಕೆಟ್ಟಿತು ಎಂದು ತಿಳಿದು ಮುಂದಿನ ಲಾರಿಯಲ್ಲಿ ತಿದ್ದುತ್ತಿದ್ದ. 1936ರಲ್ಲಿ ಹೆಸರಿಗೂ ತಿದ್ದುಪಡಿ ಆಯಿತು. 'ಟೊಯೋಡ' ಎಂದರೆ ಫಲವತ್ತಾದ ಗದ್ದೆ. ಅದನ್ನು 'ಟೊಯೋಟ' ಮಾಡಿದರೆ ಜಪಾನಿ ಲಿಪಿಯಲ್ಲಿ ಎಂಟೇ ಗೀಟುಗಳಲ್ಲಿ ಬರೆಯಬಹುದು. ಎಂಟು ಅಲ್ಲಿ ಅದೃಷ್ಟದ ಸಂಖ್ಯೆ. 1937ರಲ್ಲಿ ಟೊಯೋಟ ಮೋಟಾರ್ ಕಂಪನಿ ಬೇರೆಯಾಗಿ ನಿಂತಿತು.

ಯುದ್ಧ ಮುಗಿದ ಮೇಲೆ ಕಂಪನಿ ಮುಳುಗುವ ಸ್ಥಿತಿಗೆ ಬಂತು. 1950ರಲ್ಲಿ ಬ್ಯಾಂಕುಗಳು ಸಾಲ ಕೊಡಲು ಜನರನ್ನು ಕಡಿಮೆ ಮಾಡಬೇಕೆಂಬ ಷರತ್ತು ಹಾಕಿದವು. ಕಾರ್ಮಿಕರು ಮುಷ್ಕರ ಹೂಡಿದರು. ಕೊನೆಗೆ ಎರಡು ಸಾವಿರದಷ್ಟು ಮಂದಿ ಕೆಲಸ ಬಿಡಬೇಕಾಯಿತು. ಆದರೆ ಅವರೊಬ್ಬರೇ ಹೋಗಲಿಲ್ಲ. ಆ ಜೂನ್‌ನಲ್ಲಿ ಕಿಚಿರೊ ಕೂಡ ಹೊಣೆ ಹೊತ್ತು ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟ. ಅದೇ ತಿಂಗಳ ಕೊನೆಯಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಲಾರಿಗಳಿಗೆ ಬೇಡಿಕೆ ಬಂತು. ಕಂಪನಿ ಉಳಿಯಿತು. ಕಿಚಿರೊ ಮಾತ್ರ 1952ರಲ್ಲಿ ತೀರಿಕೊಂಡ. ತನ್ನ ಕಂಪನಿ ಜಗತ್ತನ್ನು ಗೆದ್ದದ್ದನ್ನು ಅವನು ನೋಡಲಿಲ್ಲ.

ಗೆಲುವೂ ಸಲೀಸಾಗಿ ಬಂದದ್ದಲ್ಲ. 'ಜಪಾನ್ ಮಾಲು' ಎಂದರೆ ಅಗ್ಗದ್ದು, ಬಾಳಿಕೆ ಬರದ್ದು ಎಂಬ ಮಾತು ಒಂದು ಕಾಲಕ್ಕೆ ಎಲ್ಲ ಕಡೆ ಇತ್ತು. 1957ರಲ್ಲಿ ಟೊಯೋಟದ ಕ್ರೌನ್ ಕಾರು ಅಮೆರಿಕಕ್ಕೆ ಹೋಯಿತು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದು ಸುಸ್ತಾಯಿತು. ಕೆಲವೇ ವರ್ಷಗಳಲ್ಲಿ ಅದರ ರಫ್ತು ನಿಲ್ಲಿಸಿ, ಕೆಲಸ ಕಲಿತು, ಮತ್ತೆ ಹೋದರು. 1966ರಲ್ಲಿ ಕೊರೊಲ್ಲ ಬಂದ ಮೇಲೆ ಆ ಹಳೆಯ ಮಾತು ನಿಧಾನವಾಗಿ ತಿರುಗಿ ಬಿತ್ತು.

ಗುರ್ಲಹೊಸೂರಿನ ಇನ್ನೊಂದು ಎಳೆ

ಈಗ ಜಪಾನ್ ಬಿಟ್ಟು ನಮ್ಮ ಕಡೆಗೆ ಬರೋಣ. ಸಕಿಚಿ ಹುಟ್ಟಿದ ಎರಡು ವರ್ಷಕ್ಕೆ, 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಇದೇ ಮನೆತನದ, ಇದೇ ಊರಿನ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದವರು. ಮರಾಠಿ ನಾಟಕದ ಹುಚ್ಚಿರುವ ಡೊಂಬಿವಲಿಯಲ್ಲಿ ಅವರ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡದ ನೆಲ, ಮರಾಠಿಯ ಮಾತು, ಎರಡೂ ಬೆರೆತ ಮನೆ ಅದು. ನಮ್ಮಲ್ಲಿ ಎಷ್ಟೋ ಮನೆಗಳು ಹಾಗೇ ಇವೆಯಲ್ಲ!

ಲಕ್ಷ್ಮಣರಾವ್ ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಶಾಲೆಗೆ ಬಂದರು. ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯದ ದೋಷವಿತ್ತು. ಹಾಗಾಗಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ನಮ್ಮ ವಿ.ಜೆ.ಟಿ.ಐ.ಯಲ್ಲಿ, ಮಾಸ್ತರರಾದರು. ಇತ್ತ ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾವ್ ಜೊತೆ ಸೇರಿ ಸೈಕಲ್ ಅಂಗಡಿ. ಮುಂಬಯಿಯಲ್ಲಿ ಸೈಕಲ್ ಕೊಂಡು ತಮ್ಮ ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ಮಾರುವುದು, ಜೊತೆಗೆ ಸವಾರಿ ಕಲಿಸುವುದು. ಕಿರ್ಲೋಸ್ಕರ್ ಬ್ರದರ್ಸ್ ತನ್ನ ಹುಟ್ಟುವರ್ಷವನ್ನು 1888 ಎಂದು ಎಣಿಸುವುದು ಆ ಅಂಗಡಿಯಿಂದಲೇ.

ಮುಂದೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ನೇಗಿಲು ಮಾರುವುದು ಸುಲಭವಾಗಲಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದರು. ಮೊದಲ ಕೆಲವು ನೇಗಿಲುಗಳು ಹೋಗುವುದಕ್ಕೇ ವರ್ಷಗಳು ಹಿಡಿದವು. ರೈತರ ಮನಸ್ಸು ತಿರುಗಿಸಿದ್ದು ಜಾಹೀರಾತಲ್ಲ. ಪಕ್ಕದ ಹೊಲದವನು ಉತ್ತದ್ದನ್ನು ಕಣ್ಣಾರೆ ನೋಡಿದ ಮೇಲೆ ಅವರು ನಂಬಿದರು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟು ನೆರವಾದರು. ಪಾಪಸುಕಳ್ಳಿ ಬೆಳೆದು ಹಾವು ಓಡಾಡುತ್ತಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಪುಣೆ-ಮೀರಜ್ ದಾರಿಯ ರೈಲಿನಲ್ಲಿ ಊರಿಗೆ ಹೋಗುವವರು ಆ ನಿಲ್ದಾಣದ ಹಲಗೆಯನ್ನು ನೋಡಿಯೇ ಇರುತ್ತೀರಿ. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬಂದವು.

ಅಲ್ಲಿ ಮಗ್ಗ, ಇಲ್ಲಿ ನೇಗಿಲು. ಎರಡೂ ಬಡವರ ಬೆನ್ನುನೋವಿಗೆ ಸಂಬಂಧಿಸಿದ ಸಾಮಾನುಗಳೇ.

ನಮ್ಮ ನೆರೆಯಲ್ಲಿ ಆದದ್ದು

ಈ ಎರಡು ಎಳೆಗಳು ಕೂಡುವುದಕ್ಕೆ ಮೊದಲು ನಮ್ಮ ಊರುಗಳಲ್ಲಿ ಕಾರಿನ ಪರಿಸ್ಥಿತಿ ಹೇಗಿತ್ತು? ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಪದ್ಮಿನಿ ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಯಾಗಿ ಆಳಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಅದೇ ಪ್ರೀಮಿಯರ್ 1985ರಲ್ಲಿ 118ಎನ್‌ಇ ಎಂಬ ಕಾರು ತಂದಾಗ ಅದರೊಳಗೆ ಇದ್ದದ್ದು ಜಪಾನಿನ ನಿಸಾನ್ ಎಂಜಿನ್. ತೊಂಬತ್ತರ ದಶಕದಲ್ಲಿ ಫ್ರಾನ್ಸಿನ ಪೂಜೋ ಕಂಪನಿ ಪ್ರೀಮಿಯರ್ ಜೊತೆ ಸೇರಿ ಕಲ್ಯಾಣದ ಕಾರ್ಖಾನೆಯಲ್ಲಿ 309 ಎಂಬ ಕಾರು ಮಾಡಿತು. ಕಾರು ಚೆನ್ನಾಗಿತ್ತು ಎಂದು ಓಡಿಸಿದವರು ಈಗಲೂ ಹೇಳುತ್ತಾರೆ. ಆದರೆ ಪಾಲುದಾರರ ಮನಸ್ತಾಪ, ಕಾರ್ಮಿಕರ ತಕರಾರು, ಗ್ರಾಹಕರ ಅಸಮಾಧಾನ ಸೇರಿ ನಾಲ್ಕಾರು ವರ್ಷದೊಳಗೆ ಎಲ್ಲ ಮುಗಿಯಿತು. ಒಳ್ಳೆಯ ಯಂತ್ರ ಇದ್ದರಷ್ಟೇ ಸಾಲದು ಎನ್ನುವುದಕ್ಕೆ ನಮ್ಮ ಕಲ್ಯಾಣವೇ ಸಾಕ್ಷಿ.

ಟೊಯೋಟ ಕೂಡ ಭಾರತದಲ್ಲಿ ಒಮ್ಮೆ ಎಡವಿದೆ. ಎಂಬತ್ತರ ದಶಕದಲ್ಲಿ ಡಿ.ಸಿ.ಎಂ. ಜೊತೆ ಸೇರಿ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಡೈನಾ ಎಂಬ ಸಣ್ಣ ಲಾರಿ ತಯಾರಿಸಿತು. 1985ರ ನಂತರ ಜಪಾನಿನ ಯೆನ್ ಬೆಲೆ ಏರಿದಾಗ ಅಲ್ಲಿಂದ ತರಿಸುವ ಬಿಡಿಭಾಗಗಳು ದುಬಾರಿಯಾದವು. ಕೊನೆಗೆ ಆ ಕಾರ್ಖಾನೆ ಕೊರಿಯಾದ ದೇವೂ ಕೈಸೇರಿತು.

ಮುಖ ನೋಡಿ ನಕ್ಕವರು, ಕೂತು ನೋಡಿ ಒಪ್ಪಿದರು

ಎರಡನೆಯ ಸಲ ಟೊಯೋಟ ಮನೆತನ ನಮ್ಮ ಕಡೆ ಬಂದದ್ದು ಕಾರಿನೊಂದಿಗಲ್ಲ, ಬಟ್ಟೆಯ ಯಂತ್ರದೊಂದಿಗೆ. 1995ರಲ್ಲಿ ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿ ಕಿರ್ಲೋಸ್ಕರ್-ಟೊಯೋಡ ಟೆಕ್ಸ್‌ಟೈಲ್ ಮೆಷಿನರಿ ಸ್ಥಾಪನೆಯಾಯಿತು. ಅದು ನೂಲು ತೆಗೆಯುವ ಯಂತ್ರಗಳ ಕಾರ್ಖಾನೆ. ಆ ಪರಿಚಯವೇ ಬೆಳೆದು 1997ರ ಅಕ್ಟೋಬರ್‌ನಲ್ಲಿ ಟೊಯೋಟ ಕಿರ್ಲೋಸ್ಕರ್ ಮೋಟಾರ್ ಆಯಿತು. ಮುಂದೆ ನಿಂತು ನಡೆಸಿದವರು ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರ್. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ 432 ಎಕರೆ ಜಾಗ. 1999ರ ಡಿಸೆಂಬರ್‌ನಲ್ಲಿ ತಯಾರಿಕೆ ಶುರುವಾಗಿ, 2000ದ ಆರಂಭದಲ್ಲಿ ಕ್ವಾಲಿಸ್ ಪೇಟೆಗೆ ಬಂತು.

ಜಗತ್ತಿನ ದೊಡ್ಡ ಕಂಪನಿ ಭಾರತಕ್ಕೆ ಏನು ತರುತ್ತದೋ ಎಂದು ಕಾದವರಿಗೆ ನಿರಾಸೆಯಾಯಿತು. ಕ್ವಾಲಿಸ್ ಇಂಡೋನೇಷ್ಯಾದಲ್ಲಿ ಆಗಲೇ ಓಡಿ ಹಳೆಯದಾಗಿದ್ದ ಕಿಜಾಂಗ್ ಗಾಡಿಯ ರೂಪ. ಡಬ್ಬಿಯಂಥ ಮೈ, ಹಳೆಯ ಕಾಲದ ಮುಖ. ಪತ್ರಿಕೆಗಳವರು ಮೂಗು ಮುರಿದರು. ಆದರೆ ಟೊಯೋಟದವರು ಒಂದು ವಿಷಯವನ್ನು ಸರಿಯಾಗಿ ಲೆಕ್ಕ ಹಾಕಿದ್ದರು. ನಮ್ಮಲ್ಲಿ ಒಂದು ಗಾಡಿಗೆ ಹತ್ತು ಜನ ಹತ್ತುತ್ತಾರೆ, ರಸ್ತೆಯಲ್ಲಿ ಗುಂಡಿ ಇರುತ್ತದೆ, ಓಡಿಸುವವನು ಬಹುತೇಕ ಮಾಲೀಕನಲ್ಲ. ಆಗ ಇದ್ದ ಜೀಪಿನಂಥ ಗಾಡಿಗಳು ಗಟ್ಟಿಯಾಗಿದ್ದವು, ಆದರೆ ಕೂತವರ ಸೊಂಟ ಮುರಿಯುತ್ತಿತ್ತು. ಕ್ವಾಲಿಸ್ ಗಟ್ಟಿಯೂ ಇತ್ತು, ಕೂರಲು ಹಿತವಾಗಿಯೂ ಇತ್ತು.

ಆ ಹೆಸರನ್ನು ಕಟ್ಟಿದವರು ಟ್ಯಾಕ್ಸಿ ಡ್ರೈವರುಗಳು. ಕಾಲ್ ಸೆಂಟರುಗಳು ತಲೆ ಎತ್ತುತ್ತಿದ್ದ ಕಾಲ ಅದು. ರಾತ್ರಿ ಪಾಳಿಯ ಹುಡುಗ ಹುಡುಗಿಯರನ್ನು ಮನೆ ಮನೆಯಿಂದ ಹತ್ತಿಸಿಕೊಂಡು ಹೋಗಿ ಬೆಳಗ್ಗೆ ತಂದು ಬಿಡುವ ಕೆಲಸಕ್ಕೆ ಕ್ವಾಲಿಸ್ ನಿಂತಿತು. ದಿನದಲ್ಲಿ ಎರಡು ಪಾಳಿ ಓಡುವ ಗಾಡಿ ಒಂದು ದಿನ ಕೆಟ್ಟರೂ ಸಾಲದ ಕಂತು ಕಟ್ಟುವವನ ಮನೆಯಲ್ಲಿ ಚಿಂತೆ. ಹಾಗಾಗಿ ಡ್ರೈವರನ ಬಾಯಿಂದ ಬಂದ ಹೊಗಳಿಕೆಗೆ ತೂಕ ಇತ್ತು. ಪಕ್ಕದ ಹೊಲದವನು ಉತ್ತದ್ದನ್ನು ನೋಡಿ ನೇಗಿಲು ಕೊಂಡ ರೈತನ ಹಾಗೆ, ಪಕ್ಕದ ಸ್ಟ್ಯಾಂಡಿನವನ ಗಾಡಿ ಲಕ್ಷಾಂತರ ಕಿಲೋಮೀಟರ್ ಓಡಿದ್ದನ್ನು ನೋಡಿ ಇವನೂ ಕೊಂಡ.

ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಕ್ವಾಲಿಸ್ ನಿಂತಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಬೆಲೆ ಹೆಚ್ಚು, ಯಾರು ಕೊಳ್ಳುತ್ತಾರೆ ಎಂದು ಕೇಳಿದವರಿದ್ದರು. ಉತ್ತರ ರಸ್ತೆಯ ಮೇಲಿದೆ. 2016ರಲ್ಲಿ ಕ್ರಿಸ್ಟಾ, 2022ರ ಕೊನೆಯಲ್ಲಿ ಹೈಕ್ರಾಸ್ ಬಂದವು. ಈ ಕುಟುಂಬದ ಒಟ್ಟು ಮಾರಾಟ ಹತ್ತು ಲಕ್ಷದ ಗಡಿ ದಾಟಿದೆ. ಮುಟ್ಟಿದ್ದೆಲ್ಲ ಚಿನ್ನವಾಯಿತು ಎಂದಲ್ಲ. 2010ರಲ್ಲಿ ಬಂದ ಎಟಿಯೋಸ್ ಸ್ವಂತ ಮನೆಗಳಿಗಿಂತ ಟ್ಯಾಕ್ಸಿ ಸ್ಟ್ಯಾಂಡಿನಲ್ಲೇ ಹೆಚ್ಚು ಕಂಡಿತು, 2020ರಲ್ಲಿ ನಿಂತಿತು. 2019ರ ಗ್ಲಾಂಜಾ ಮಾರುತಿ ಸುಜುಕಿಯ ಬಲೆನೊ ಗಾಡಿಗೇ ಟೊಯೋಟದ ಲಾಂಛನ ಹಚ್ಚಿ ಮಾರಿದ್ದು. ಅದೂ ಮಾರಾಟವಾಯಿತು ಎಂದರೆ ಹೆಸರಿಗೆ ಎಷ್ಟು ಬೆಲೆ ನೋಡಿ!

ಹರಿದ ಎಳೆಗಳು

ಹೆಸರು ದೊಡ್ಡದಾದಷ್ಟೂ ಕಲೆ ಎದ್ದು ಕಾಣುತ್ತದೆ. 2009-10ರಲ್ಲಿ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಳ್ಳುವ, ನೆಲಹಾಸಿಗೆ ತಗಲುವ ದೂರುಗಳಿಂದಾಗಿ ಟೊಯೋಟ ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ರಿಪೇರಿಗೆ ಹಿಂದಕ್ಕೆ ಕರೆಯಬೇಕಾಯಿತು. 2010ರ ಫೆಬ್ರವರಿಯಲ್ಲಿ ಕಿಚಿರೊನ ಮೊಮ್ಮಗ ಅಕಿಯೊ ಟೊಯೋಡ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಬೆಳೆಯುವ ಆತುರದಲ್ಲಿ ನಮ್ಮ ಕ್ರಮ ತಪ್ಪಿತು ಎಂಬುದು ಅವರ ಮಾತಿನ ಸಾರ. ಗ್ರಾಹಕರಿಗೆ ಸರಿಯಾದ ಮಾಹಿತಿ ಕೊಡದ ಆರೋಪಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ತೆತ್ತಿತು.

ಬಿಡದಿಯಲ್ಲೂ ಎಲ್ಲ ನುಣುಪಾಗಿರಲಿಲ್ಲ. 2006ರಲ್ಲಿ ಮುಷ್ಕರ, ಬೀಗಮುದ್ರೆ. 2014ರ ಮಾರ್ಚ್‌ನಲ್ಲಿ ಸಂಬಳದ ಮಾತುಕತೆ ಮುರಿದು ಮತ್ತೆ ಬೀಗಮುದ್ರೆ. ಬೀಗ ತೆಗೆದ ಮೇಲೂ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆದುಕೊಡಿ ಎಂದಾಗ ಕಾರ್ಮಿಕರು ಗೇಟಿನ ಹೊರಗೇ ಉಳಿದರು. 2020ರ ನವೆಂಬರ್‌ನಲ್ಲಿ ಒಬ್ಬ ಕಾರ್ಮಿಕರ ಅಮಾನತಿನಿಂದ ಶುರುವಾದ ಜಗಳ ಎಲ್ಲಕ್ಕಿಂತ ದೀರ್ಘವಾಯಿತು. ಕೆಲಸದ ಹೊರೆ ಮಿತಿಮೀರಿದೆ, ಉಸಿರಾಡಲು ಬಿಡುವಿಲ್ಲ ಎಂದು ಕಾರ್ಮಿಕ ಸಂಘ ಹೇಳಿತು. ಕಾರ್ಖಾನೆಯೊಳಗೆ ಕೂತು ಧರಣಿ ಮಾಡಿದ್ದು ಕಾನೂನುಬಾಹಿರ ಎಂದು ಆಡಳಿತ ಹೇಳಿತು. ಕಾರ್ಮಿಕರು ಕೆಲಸಕ್ಕೆ ಮರಳಿದ್ದು 2021ರ ಮಾರ್ಚ್ ಹೊತ್ತಿಗೆ. ಸುತ್ತಲಿನ ಊರುಗಳ ಸಾವಿರಾರು ಮನೆಗಳು ಆ ನಾಲ್ಕು ತಿಂಗಳನ್ನು ಹೇಗೆ ಕಳೆದಿರಬಹುದು ಎಂದು ಯೋಚಿಸಿ. ಮಿಲ್ಲು ಮುಚ್ಚಿದ್ದನ್ನು ಕಂಡ ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ.

ಆ ಹಗ್ಗದ ಮಾತು ನೆನಪಿದೆಯಲ್ಲ? ಬೋಲ್ಟು ಸಡಿಲವಿದೆ ಎಂದು ಹಗ್ಗ ಎಳೆದರೆ ಸಾಲು ನಿಲ್ಲಿಸುವುದು ಸುಲಭ. ನನ್ನ ಬೆನ್ನು ಸೋತಿದೆ ಎಂದು ಮನುಷ್ಯ ಹಗ್ಗ ಎಳೆದರೆ? ಯಾರದು ಸರಿ ಎಂದು ಇಲ್ಲಿ ಕೂತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಹೆಂಗಸರ ಬೆನ್ನುನೋವಿನಿಂದ ಹುಟ್ಟಿದ ಕಂಪನಿಗೆ ಈ ಪ್ರಶ್ನೆ ಹೊರಗಿನದಲ್ಲ.

ಇನ್ನೊಂದು ಎಳೆ ಹರಿದದ್ದು ತೀರ ಮೂಲದಲ್ಲೇ. ಸಕಿಚಿಯ ಮಗ್ಗದ ಕಂಪನಿ ಇಂದಿಗೂ ಇದೆ, ಟೊಯೋಟ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ. ಜಿಗಣಿಯ ಆ ನೂಲುಯಂತ್ರದ ಕಾರ್ಖಾನೆಯೂ ಮುಂದೆ ಅದರ ಡೀಸೆಲ್ ಎಂಜಿನ್ ಕಾರ್ಖಾನೆಯಾಯಿತು. 2024ರ ಜನವರಿಯಲ್ಲಿ, ಟೊಯೋಟ ಇಂಡಸ್ಟ್ರೀಸ್ ಕೆಲವು ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ಅಕ್ರಮ ಎಸಗಿದೆ ಎಂಬುದು ಹೊರಬಿತ್ತು. ಮಾರುವ ಗಾಡಿಯಲ್ಲಿ ಇರುವ ಸಾಫ್ಟ್‌ವೇರ್ ಬಿಟ್ಟು ಬೇರೆಯದನ್ನು ಬಳಸಿ, ಅಂಕಿಗಳಲ್ಲಿ ಏರುಪೇರು ಕಾಣದಂತೆ ಮಾಡಿದ್ದರು. ಭಾರತದಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳ ರವಾನೆ ಕೆಲವು ದಿನ ನಿಂತಿತು. ಗಾಡಿಗಳ ಶಕ್ತಿಯಲ್ಲಿ ಕೊರತೆ ಇಲ್ಲ, ಓಡಿಸಲು ಅಡ್ಡಿಯಿಲ್ಲ ಎಂದು ಕಂಪನಿ ಹೇಳಿತು. ಇರಬಹುದು. ಆದರೂ ನೂಲು ಹರಿದರೆ ತಾನೇ ನಿಲ್ಲುವ ಮಗ್ಗ ಮಾಡಿದವರ ಮನೆಯಲ್ಲೇ ಹರಿದ ನೂಲನ್ನು ಮುಚ್ಚಿಟ್ಟರಲ್ಲ!

ಹೆಸರು ಯಾರದು?

ವಿಕ್ರಮ್ ಕಿರ್ಲೋಸ್ಕರ್ 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕಂಪನಿಯಲ್ಲಿ ಅವರ ಸ್ಥಾನಕ್ಕೆ ಮಗಳು ಮಾನಸಿ ಬಂದರು. 2024ರ ಜುಲೈನಲ್ಲಿ ಟೊಯೋಟ ಕಿರ್ಲೋಸ್ಕರ್ ಮಹಾರಾಷ್ಟ್ರ ಸರಕಾರದೊಂದಿಗೆ ಛತ್ರಪತಿ ಸಂಭಾಜಿನಗರದಲ್ಲಿ ಸುಮಾರು 20,000 ಕೋಟಿ ರೂಪಾಯಿಯ ಹೊಸ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಬೆಳಗಾವಿಯಿಂದ ಹೊರಟು ಕಿರ್ಲೋಸ್ಕರವಾಡಿಯಲ್ಲಿ ನೆಲೆ ನಿಂತ ಹೆಸರು ಬಿಡದಿ ಸುತ್ತಿ ಮತ್ತೆ ಮಹಾರಾಷ್ಟ್ರದ ದಾರಿ ಹಿಡಿದಿದೆ. ಎರಡೂ ರಾಜ್ಯಗಳನ್ನು ನಮ್ಮದೆಂದು ತಿಳಿದ ನಮ್ಮಂಥವರಿಗೆ ಅದರಲ್ಲಿ ಬೇಸರವಿಲ್ಲ.

ಲಾಂಛನ ಕಂಪನಿಯದು, ನಿಜ. ಆದರೆ ಹೆಸರು ಕಂಪನಿಯೊಬ್ಬರದೇ ಅಲ್ಲ. ಬಿಡದಿಯ ಸಾಲಿನಲ್ಲಿ ನಿಂತು ಬೋಲ್ಟು ಬಿಗಿದವನದು, ಖಂಡಾಲ ಘಾಟಿನಲ್ಲಿ ನಿದ್ದೆಗೆಟ್ಟು ಗಾಡಿ ಓಡಿಸಿದವನದು, ಹತ್ತು ವರ್ಷದ ಗಾಡಿಯನ್ನೂ ಒರೆಸಿ ಇಟ್ಟುಕೊಂಡವನದು. ಇವರೆಲ್ಲ ಸೇರಿ ದಿನವೂ ಕಟ್ಟುವುದನ್ನು ಒಂದು ಸುಳ್ಳು ಪರೀಕ್ಷಾ ವರದಿ ಕೆಡಿಸಬಲ್ಲದು. ಮುಂದಿನ ಸಲ ಊರಿಗೆ ಹೋಗುವಾಗ ಕರಾಡದ ಹತ್ತಿರ ಚಹಾಕ್ಕೆ ನಿಂತರೆ, ಡ್ರೈವರ್ ಅಣ್ಣನನ್ನೂ ಕರೆದು ಕೂರಿಸಿ, ಗಾಡಿ ಹೇಗೆ ಎಂದು ಕೇಳಿ. ಯಾವ ಜಾಹೀರಾತೂ ಹೇಳದ ಇತಿಹಾಸವನ್ನು ಅವರು ಎರಡು ಮಾತಿನಲ್ಲಿ ಹೇಳುತ್ತಾರೆ.